ಹಾಡು ನಮ್ಮ ಮನೆಯಲ್ಲಿ, ಬೀಗದಕೈ ಇನ್ನೆಲ್ಲೋ

2006ರ ನವೆಂಬರ್ 14ರಂದು ಅಮೆರಿಕದ ಅಂಗಡಿಗಳಿಗೆ ಝೂನ್ ಎಂಬ ಕಿಸೆಗಾತ್ರದ ಸಂಗೀತ ಸಾಧನ ಬಂತು. ತಯಾರಿಸಿದ್ದು ಮೈಕ್ರೋಸಾಫ್ಟ್, ಒಳಗೆ 30 ಜಿಬಿ ಜಾಗ. ಆಗಿನ ಐಪಾಡ್‌ನಲ್ಲಿ ಇಲ್ಲದ ವೈಫೈ ಇದರಲ್ಲಿತ್ತು. ಪಕ್ಕದಲ್ಲಿ ಕೂತ ಗೆಳೆಯನ ಝೂನ್‌ಗೆ ತಂತಿಯ ಹಂಗಿಲ್ಲದೆ ಹಾಡು ಕಳಿಸಬಹುದಿತ್ತು. ಆದರೆ ಹಾಗೆ ಹೋದ ಹಾಡು ಮೂರು ಸಲ ಕೇಳಿದ ಮೇಲೆ ಅಥವಾ ಮೂರು ದಿನ ಕಳೆದ ಮೇಲೆ, ಯಾವುದು ಮೊದಲೋ ಆಗ, ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕಂಪನಿಯ ಹಾಡಿಗೆ ಮಾತ್ರ ಈ ಕಟ್ಟಳೆ ಎಂದುಕೊಳ್ಳಬೇಡಿ. ಮಗಳು ಹಾಡಿದ್ದನ್ನು ಅಪ್ಪನೇ ರೆಕಾರ್ಡ್ ಮಾಡಿ ಕಳಿಸಿದರೂ ಲೆಕ್ಕ ಅದೇ: ಮೂರು ಸಲ, ಮೂರು ದಿನ. ಹಾಡು ಯಾರದ್ದು ಎಂದು ಕೇಳುವ ವ್ಯವಧಾನ ಆ ಪೆಟ್ಟಿಗೆಗೆ ಇರಲಿಲ್ಲ. ಮುಂದಿನ ವರ್ಷ ಮೂರು ದಿನದ ಗಡುವು ಹೋಯಿತು, ಮೂರು ಸಲದ ಮಿತಿ ಉಳಿಯಿತು. 2011ರಲ್ಲಿ ಝೂನ್ ತಯಾರಿಕೆಯೇ ನಿಂತಿತು.

ಝೂನ್ ಮರೆತುಹೋದರೂ ಅದರೊಳಗಿದ್ದ ಆಲೋಚನೆ ಮರೆಯಾಗಿಲ್ಲ. ಇವತ್ತು ನಮ್ಮ ಮನೆಯ ಟಿವಿ, ಫೋನು, ಟ್ಯಾಬು, ಸೆಟ್‌ಟಾಪ್ ಬಾಕ್ಸು ಎಲ್ಲದರಲ್ಲೂ ಅದು ಕೂತಿದೆ. ಸಾಧನಗಳ ನಡುವೆ ತಂತಿ ಮಾಯವಾಗುತ್ತಾ ಬಂದಿದೆ, ಬೀಗ ಹೆಚ್ಚುತ್ತಾ ಬಂದಿದೆ.

ಕ್ಯಾಸೆಟ್ಟಿನ ಕಾಲ ನೋಡಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಕನ್ನಡಿಗರ ಮನೆಮನೆಗೂ ನಡೆದುಹೋಯಿತು. ಒಂದು ಮನೆಗೆ ತಂದ ಕ್ಯಾಸೆಟ್ ಬೀದಿಯ ನಾಲ್ಕು ಮನೆ ಸುತ್ತುತ್ತಿತ್ತು. ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಪಟ್ಟಿ ಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿಕೊಡುವ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲೂ ಇದ್ದವು. ಅದರಲ್ಲಿ ಕಾನೂನಿಗೆ ಒಪ್ಪದ್ದೂ ಇತ್ತು, ಕಲಾವಿದರಿಗೆ ನಷ್ಟವೂ ಆಗುತ್ತಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪ್ರತಿ ನಕಲಿಗೂ ಒಂದಿಷ್ಟು ಸವಕಳಿ ಇತ್ತು. ನಕಲಿನ ನಕಲಿನಲ್ಲಿ ತಬಲಾ ಮಂಕಾಗಿ, ‘ಸ್’ ಎಂಬ ಸದ್ದು ಮೇಲೇಳುತ್ತಿತ್ತು. ಡಿಜಿಟಲ್ ಕಡತಕ್ಕೆ ಈ ಸವಕಳಿ ಇಲ್ಲ. ಸಾವಿರದ ನಕಲೂ ಮೊದಲಿನಷ್ಟೇ ಸ್ವಚ್ಛ. ಸಂಗೀತ ಕಂಪನಿಗಳೂ ಸಿನಿಮಾ ಸ್ಟುಡಿಯೊಗಳೂ ಬೆಚ್ಚಿದ್ದು ಇಲ್ಲಿಯೇ, ಮತ್ತು ಆ ಭಯಕ್ಕೆ ಕಾರಣವಿತ್ತು.

ಭಯಕ್ಕೆ ಅವರು ಕಂಡುಕೊಂಡ ಮದ್ದಿನ ಹೆಸರು ಡಿಆರ್‌ಎಂ, ಅಂದರೆ ಡಿಜಿಟಲ್ ಹಕ್ಕುಗಳ ನಿರ್ವಹಣೆ. ಕೆಲಸ ನಡೆಯುವುದು ಹೀಗೆ. ಸಿನಿಮಾದ ಕಡತವನ್ನು ಒಂದು ಗುಪ್ತಸಂಖ್ಯೆಯಿಂದ ಕಲಸಿಡುತ್ತಾರೆ. ಆ ಸಂಖ್ಯೆ ಇಲ್ಲದವರಿಗೆ ಅದು ಅರ್ಥವಿಲ್ಲದ ಅಂಕಿಗಳ ರಾಶಿ. ನಾವು ‘ಡೌನ್‌ಲೋಡ್’ ಒತ್ತಿದಾಗ ಫೋನಿಗೆ ಇಳಿಯುವುದು ಈ ರಾಶಿ. ಜೊತೆಗೆ, ಬೇರೆ ದಾರಿಯಲ್ಲಿ, ಕಂಪನಿಯ ಸರ್ವರ್‌ನಿಂದ ಒಂದು ಪರವಾನಗಿ ಬರುತ್ತದೆ. ಬೀಗದಕೈ ಇರುವುದು ಅದರೊಳಗೆ, ಅದರ ಪಕ್ಕದಲ್ಲೇ ಷರತ್ತುಗಳು: ಈ ಸಾಧನದಲ್ಲಿ ಮಾತ್ರ, ಇಷ್ಟು ದಿನ, ಶುರು ಮಾಡಿದರೆ ಇಷ್ಟು ಗಂಟೆ. ಬೀಗದಕೈಯನ್ನು ಹೆಚ್ಚಿನ ಫೋನುಗಳು ಇಡುವುದು ಪ್ರೊಸೆಸರ್‌ನ ಒಂದು ಒಳಕೋಣೆಯಲ್ಲಿ. ಫೋನಿನ ಮಾಲೀಕರಿಗೂ ಅಲ್ಲಿ ಪ್ರವೇಶವಿಲ್ಲ. ಚಿತ್ರ ಬಿಚ್ಚಿಕೊಳ್ಳುವುದೂ ಅದೇ ಒಳಕೋಣೆಯಲ್ಲಿ. ಅಲ್ಲಿಂದ ನೇರ ಪರದೆಗೆ. ಸಿನಿಮಾ ಓಡುತ್ತಿರುವಾಗ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಚೌಕ ಸಿಗುವುದು ಇದೇ ಕಾರಣಕ್ಕೆ. ಸ್ಕ್ರೀನ್‌ಶಾಟ್ ತೆಗೆಯುವ ತಂತ್ರಾಂಶಕ್ಕೆ ಆ ಚಿತ್ರ ಕಣ್ಣಿಗೇ ಬಿದ್ದಿರುವುದಿಲ್ಲ.

ಈ ಬೀಗವನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದವರು ಆಪಲ್‌ನವರು. ಅದರ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವರೂ ಅವರೇ. 2003ರ ಏಪ್ರಿಲ್ 28ರಂದು ತೆರೆದ ಐಟ್ಯೂನ್ಸ್ ಅಂಗಡಿಯಲ್ಲಿ ಹಾಡೊಂದಕ್ಕೆ 99 ಸೆಂಟ್. ಹಾಡಿಗೆ ಫೇರ್‌ಪ್ಲೇ ಎಂಬ ಬೀಗ. ಮೊದಲು ಮೂರು, ಆಮೇಲೆ ಐದು ಕಂಪ್ಯೂಟರುಗಳಲ್ಲಿ ಕೇಳಬಹುದು, ಜೇಬಿನಲ್ಲಿಟ್ಟು ಕೇಳಬೇಕಾದರೆ ಐಪಾಡೇ ಬೇಕು. ಯುರೋಪಿನ ಗ್ರಾಹಕ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. 2007ರ ಜನವರಿಯಲ್ಲಿ ನಾರ್ವೆಯ ಗ್ರಾಹಕ ಒಂಬುಡ್ಸ್‌ಮನ್ ಇದು ಕಾನೂನುಬಾಹಿರ ಎಂದರು. ಫೆಬ್ರುವರಿ 6ರಂದು ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದರು. ಆ ಪತ್ರದ ಲೆಕ್ಕ ಸರಳವಾಗಿತ್ತು: ಅಲ್ಲಿಯವರೆಗೆ 9 ಕೋಟಿ ಐಪಾಡ್ ಮಾರಾಟವಾಗಿವೆ, ಬೀಗದ ಹಾಡು 200 ಕೋಟಿ. ಐಪಾಡ್ ಒಂದಕ್ಕೆ 22 ಹಾಡು. ಅಂದರೆ ಜನರ ಐಪಾಡ್‌ನಲ್ಲಿರುವ ಸಂಗೀತದ ಶೇ 3 ಭಾಗಕ್ಕೆ ಮಾತ್ರ ಬೀಗ. ಬೀಗ ಬೇಕೆಂದ ಸಂಗೀತ ಕಂಪನಿಗಳೇ 2006ರಲ್ಲಿ ಸಿ.ಡಿ.ಗಳ ಮೂಲಕ 2,000 ಕೋಟಿಗೂ ಹೆಚ್ಚು ಹಾಡುಗಳನ್ನು ಯಾವ ಬೀಗವೂ ಇಲ್ಲದೆ ಮಾರಿದ್ದವು. ಹಿತ್ತಿಲ ಬಾಗಿಲು ಹಾರುಹೊಡೆದು ಮುಂಬಾಗಿಲಿಗೆ ಮೂರು ಬೀಗ ಜಡಿದಂತೆ.

ಎರಡೇ ತಿಂಗಳಲ್ಲಿ ಇಎಂಐ ಎಂಬ ಸಂಗೀತ ಕಂಪನಿ ಬೀಗ ತೆಗೆಯಲು ಒಪ್ಪಿತು. ಬಿಚ್ಚಿದ ಹಾಡಿನ ಗುಣಮಟ್ಟವೂ ಹೆಚ್ಚು, ಬೆಲೆಯೂ ಹೆಚ್ಚು, 1 ಡಾಲರ್ 29 ಸೆಂಟ್. 2009ರ ಜನವರಿಯಲ್ಲಿ ಇಡೀ ಅಂಗಡಿಯ ಸಂಗೀತಕ್ಕೆ ಬೀಗಮುಕ್ತಿ ಘೋಷಣೆಯಾಯಿತು. ಹಳೆಯ ಹಾಡಿನ ಬೀಗ ತೆಗೆಸಿಕೊಳ್ಳಲು ಗ್ರಾಹಕರು ಹಾಡಿಗೆ 30 ಸೆಂಟ್ ಕೊಡಬೇಕಾಯಿತು. ಒಮ್ಮೆ ದುಡ್ಡು ಕೊಟ್ಟು ಕೊಂಡದ್ದಕ್ಕೆ ಮತ್ತೊಮ್ಮೆ ಕೊಡುವುದು ನ್ಯಾಯವೆಂದು ಈ ಲೇಖಕನಿಗೆ ಅನ್ನಿಸುವುದಿಲ್ಲ. ಆದರೂ ಬೀಗ ಹೋದ ಮೇಲೆ ಹಾಡಿನ ವ್ಯಾಪಾರವೇನೂ ಮುಳುಗಲಿಲ್ಲ.

ಬೀಗದಕೈ ಬೇರೆಯವರ ಬಳಿ ಇದ್ದರೆ ಏನಾಗುತ್ತದೆ ಎಂಬುದು 2008ರಲ್ಲಿ ಜನರಿಗೆ ನಿಚ್ಚಳವಾಗಿ ಕಂಡಿತು. ಎಂಎಸ್‌ಎನ್ ಮ್ಯೂಸಿಕ್ ಎಂಬ ಅಂಗಡಿಯನ್ನು ಮೈಕ್ರೋಸಾಫ್ಟ್ 2006ರಲ್ಲೇ ಮುಚ್ಚಿತ್ತು. 2008ರ ಏಪ್ರಿಲ್‌ನಲ್ಲಿ ಹಳೆಯ ಗ್ರಾಹಕರಿಗೆ ಮಿಂಚಂಚೆ ಬಂತು: ಆಗಸ್ಟ್ 31ರ ನಂತರ ಪರವಾನಗಿ ಕೊಡುವ ಸರ್ವರ್ ಇರುವುದಿಲ್ಲ. ಕಂಪ್ಯೂಟರ್ ಬದಲಾಯಿಸದಿದ್ದರೆ ಹಾಡು ಇರುತ್ತದೆ. ಹೊಸದು ಕೊಂಡರೆ ಅಥವಾ ವಿಂಡೋಸ್ ಮರುಸ್ಥಾಪಿಸಿದರೆ ಹೋಯಿತು. ಗಲಾಟೆಯಾದ ಮೇಲೆ ಗಡುವನ್ನು 2011ರವರೆಗೆ ಮುಂದೂಡಿದರು. 2008ರ ಜುಲೈಯಲ್ಲಿ ಯಾಹೂ ಕೂಡ ತನ್ನ ಸಂಗೀತದ ಅಂಗಡಿ ಮುಚ್ಚುವುದಾಗಿ ಹೇಳಿ, ಕೊನೆಗೆ ಕೂಪನ್ನೋ ಹಣವೋ ಕೊಡಲು ಒಪ್ಪಿತು. ಹಾಡುಗಳನ್ನು ಸಿ.ಡಿ.ಗೆ ಇಳಿಸಿಕೊಳ್ಳಿ ಎಂಬುದು ಆಗ ಗ್ರಾಹಕರಿಗೆ ಸಿಕ್ಕ ಸಲಹೆ. ಅಂದರೆ ಬೀಗ ಹಾಕಿದವರೇ, ಬೀಗವಿಲ್ಲದ ಹಳೆಯ ತಟ್ಟೆಯ ಮೇಲೆ ಹಾಡು ಉಳಿಯುತ್ತದೆ ಎಂದು ಹೇಳಿಕೊಟ್ಟಂತಾಯಿತು.

ಈಗ ನಮ್ಮ ಮನೆಗಳಿಗೆ ಬರೋಣ. ಭಾರತದಲ್ಲಿ ಮನೆಯ ವೈಫೈ ಸಲೀಸಾಗಿದ್ದಕ್ಕೆ ಒಂದು ಸರ್ಕಾರಿ ಅಧಿಸೂಚನೆ ಕಾರಣ. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಪರವಾನಗಿ ಬೇಡವೆಂದಿತು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಜಾಗ ಹೀಗೇ ಮುಕ್ತವಾಯಿತು. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ. ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಅಪಾರ್ಟ್‌ಮೆಂಟಿನ ಮೂವತ್ತು ರೂಟರುಗಳು ಈ ಮೂರರಲ್ಲೇ ನೂಕಾಡುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುವುದರಿಂದ, ಅನ್ನ ಬಿಸಿಯಾಗುವ ಹೊತ್ತಿಗೆ ನಡುಮನೆಯ ಸಿನಿಮಾ ತಡವರಿಸುವುದುಂಟು. ಎರಡನೆಯ ಪಟ್ಟಿ ವೇಗದ್ದು, ವಿಶಾಲವಾದದ್ದು, ಆದರೆ ದಪ್ಪ ಗೋಡೆಯೊಂದು ಅಡ್ಡ ಬಂದರೆ ಸೊರಗುತ್ತದೆ. ಟಿವಿ ಮತ್ತು ರೂಟರ್ ಒಂದೇ ಕೋಣೆಯಲ್ಲಿದ್ದರೆ 5, ದೂರದ ಕೋಣೆಯ ಫೋನಿಗೆ 2.4 ಎಂದು ಇಟ್ಟುಕೊಂಡರೆ ಮನೆಯ ಅರ್ಧ ತಕರಾರು ತೀರುತ್ತದೆ.

ಇನ್ನರ್ಧ ತಕರಾರಿಗೆ ಕಾರಣ ಗೋಡೆ ಅಲ್ಲ.

ಹೀಗೊಂದು ಸಂದರ್ಭ ಕಣ್ಣಮುಂದೆ ತಂದುಕೊಳ್ಳಿ. ಬೆಂಗಳೂರಿನಿಂದ ಮಲೆನಾಡಿನ ಅಜ್ಜಿಮನೆಗೆ ಹೊರಟ ಹುಡುಗ ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ ಒಂದು ಕನ್ನಡ ಸಿನಿಮಾ ಇಳಿಸಿಕೊಂಡಿದ್ದಾನೆ. ಬಸ್ಸಿನಲ್ಲಿ ಕಾಲು ಗಂಟೆ ನೋಡಿ ನಿದ್ದೆ ಹೋಗಿದ್ದಾನೆ. ಅಜ್ಜಿಮನೆಯಲ್ಲಿ ಹೊಸ ಸ್ಮಾರ್ಟ್ ಟಿವಿ ಇದೆ, ಮಳೆಗೆ ಇಂಟರ್‌ನೆಟ್ ಇಲ್ಲ. ಊಟವಾದ ಮೇಲೆ ಎಲ್ಲರೂ ಚಾಪೆ ಹಾಸಿ ಕೂತರು. ಹುಡುಗ ಫೋನಿನಲ್ಲಿ ಅದೂ ಇದೂ ಒತ್ತುತ್ತಾನೆ; ಟಿವಿಯಲ್ಲಿ ಒಂದು ಉರುಟು ಗೆರೆ ಸುತ್ತುತ್ತಲೇ ಇದೆ.

‘ಫೋನಲ್ಲೇ ಇದೆ ಅಂದ್ಯಲ್ಲ, ಮತ್ತೆ ಟಿವಿಗೆ ಎಂತಕ್ಕೆ ಬರ್ತಿಲ್ಲ ಮಾರಾಯ?’ ಎಂದು ಅಜ್ಜಿ ಕೇಳುತ್ತಾರೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಹೇಳಲು ‘ಕಾಸ್ಟ್’ ಎಂಬ ಗುಂಡಿಯ ಒಳಗುಟ್ಟು ಗೊತ್ತಿರಬೇಕು. 2013ರ ಜುಲೈಯಲ್ಲಿ ಗೂಗಲ್ 35 ಡಾಲರಿನ ಕ್ರೋಮ್‌ಕಾಸ್ಟ್ ತಂದ ಮೇಲೆ ಈ ವಿಧಾನ ಮನೆಮಾತಾಯಿತು. ನೋಡುವವರಿಗೆ ಫೋನಿನ ಸಿನಿಮಾ ಟಿವಿಗೆ ಹಾರಿದಂತೆ ಕಾಣುತ್ತದೆ. ನಿಜದಲ್ಲಿ ಫೋನ್ ಟಿವಿಗೆ ಹೇಳುವುದು ಇಷ್ಟೇ: ‘ಇಂಥ ಸಿನಿಮಾ, ಇಂಥ ವಿಳಾಸದಲ್ಲಿದೆ, ನೀನೇ ತಂದುಕೋ.’ ಟಿವಿ ತಾನೇ ಇಂಟರ್‌ನೆಟ್ಟಿಗೆ ಹೋಗಿ, ತನ್ನದೇ ಪರವಾನಗಿ ಪಡೆದು, ಬೇರೆಯದೇ ಪ್ರತಿಯನ್ನು ತಂದುಕೊಳ್ಳುತ್ತದೆ. ಫೋನಿಗೆ ಇಳಿದ ಪ್ರತಿ ಆ ಫೋನಿನ ಒಳಕೋಣೆಗೆ ಕಟ್ಟುಬಿದ್ದದ್ದು. ಅಜ್ಜಿಯ ಟಿವಿ ಎರಡು ಮಾರು ದೂರದಲ್ಲಿದ್ದರೂ ಅದಕ್ಕೆ ಪರದೇಶ. ಅದೇ ಹುಡುಗನ ಫೋನಿನಲ್ಲಿ ಅತ್ತೆಯ ಮದುವೆಯ ವಿಡಿಯೊ ಇದ್ದರೆ ಕಥೆಯೇ ಬೇರೆ. 2003ರಲ್ಲಿ ಸೋನಿ, ಇಂಟೆಲ್ ಮುಂತಾದವರು ಸೇರಿ ರೂಪಿಸಿದ ಡಿಎಲ್‌ಎನ್‌ಎ ವ್ಯವಸ್ಥೆ ಟಿವಿಯಲ್ಲಿದ್ದರೆ, ಮನೆಯಲ್ಲಿ ಒಂದು ರೂಟರ್ ಉರಿಯುತ್ತಿದ್ದರೆ ಸಾಕು; ಇಂಟರ್‌ನೆಟ್ ಇಲ್ಲದೆಯೂ ಮದುವೆಯ ಊಟದ ಪಂಕ್ತಿ ಪರದೆಯ ಮೇಲೆ ಬರುತ್ತದೆ. ಮನೆಯ ಗಾಳಿಯಲ್ಲಿ ದಾರಿ ಇದ್ದೇ ಇದೆ. ಬೀಗವಿಲ್ಲದ್ದು ನಡೆಯುತ್ತದೆ, ಬೀಗವಿರುವುದು ನಿಲ್ಲುತ್ತದೆ.

ಮರುದಿನ ಇನ್ನೊಂದು ತೊಡಕು ಕಾದಿರುತ್ತದೆ. ಹಲವು ಆ್ಯಪ್‌ಗಳಲ್ಲಿ ಇಳಿಸಿಕೊಂಡ ಚಿತ್ರವನ್ನು ಒಮ್ಮೆ ಶುರು ಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕು. ಬಸ್ಸಿನಲ್ಲಿ ನೋಡಿದ ಕಾಲು ಗಂಟೆಯೇ ಗಡಿಯಾರಕ್ಕೆ ಕೀಲಿ ಕೊಟ್ಟಾಗಿದೆ.

ತಂತಿಯಿಂದ ಜೋಡಿಸಿಬಿಡೋಣ ಎಂದರೆ ಅಲ್ಲೂ ಪಹರೆ ಇದೆ. ಎಚ್‌ಡಿಎಂಐ ತಂತಿಯ ಎರಡೂ ತುದಿಯ ಸಾಧನಗಳು ಎಚ್‌ಡಿಸಿಪಿ ಎಂಬ ಗುಪ್ತಸಂಕೇತದಲ್ಲಿ ಮೊದಲು ಪರಿಚಯ ಹೇಳಿಕೊಳ್ಳಬೇಕು. ಹಳೆಯ ಪ್ರೊಜೆಕ್ಟರ್‌ಗೆ ಆ ಸಂಕೇತ ಗೊತ್ತಿಲ್ಲದಿದ್ದರೆ ಪರದೆ ಕಪ್ಪು. ಹಣ ಕೊಟ್ಟ ಗ್ರಾಹಕರಿಗೆ ಸಾಧನದ ದರ್ಜೆಯೂ ಅಡ್ಡಿಯಾಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ವೈಡ್‌ವೈನ್ ಎಂಬ ಬೀಗಕ್ಕೆ ಎಲ್1, ಎಲ್3 ಎಂಬ ಹಂತಗಳಿವೆ. ಎಲ್1, ಅಂದರೆ ಮೇಲೆ ಹೇಳಿದ ಒಳಕೋಣೆಯ ಬೀಗ, ಇಲ್ಲದ ಫೋನಿಗೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಎಚ್‌ಡಿ ಗುಣಮಟ್ಟ ಕೊಡುವುದಿಲ್ಲ, ಚಂದಾ ಎಷ್ಟೇ ಕಟ್ಟಿದ್ದರೂ. 2017ರಲ್ಲಿ ಬಂದ ಒನ್‌ಪ್ಲಸ್ 5 ಮತ್ತು 5ಟಿ ಫೋನುಗಳಿಗೆ ಈ ಎಲ್1 ಇರಲಿಲ್ಲ. ಒಳಕೋಣೆಯೊಳಗೆ ಹೊಸ ಬೀಗದಕೈ ಇಡುವ ಕೆಲಸ ಸಾಧಾರಣ ಅಪ್‌ಡೇಟ್‌ನಿಂದ ಆಗದು. ಬೇಕಾದವರು ಫೋನನ್ನೇ ಕಂಪನಿಗೆ ಕಳಿಸಿ ಹಾಕಿಸಿಕೊಳ್ಳಬೇಕಾಯಿತು.

ಸೆಟ್‌ಟಾಪ್ ಬಾಕ್ಸಿನದೂ ಇದೇ ಜಾಯಮಾನ. ಕೇಬಲ್ ಡಿಜಿಟಲೀಕರಣದ ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಂದಿಗೆ, ಬೆಂಗಳೂರು ಮತ್ತು ಮೈಸೂರಿನ ಮನೆಗಳಿಗೆ ಅದು ಕಡ್ಡಾಯವಾಯಿತು. ಧಾರಾವಾಹಿಯನ್ನು ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿಕೊಳ್ಳುವ ಬಾಕ್ಸುಗಳೂ ಬಂದವು. ಆ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಏನೂ ಕಾಣುವುದಿಲ್ಲ. ರೆಕಾರ್ಡ್ ಮಾಡಿದ ಬಾಕ್ಸಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಬಾಕ್ಸು ಕೆಟ್ಟು ಬದಲಿ ಬಂದ ದಿನ, ಮಗು ಟಿವಿಯಲ್ಲಿ ಹಾಡಿದ ಸಂಚಿಕೆಯೂ ಹೋಗುತ್ತದೆ.

ವಿಡಿಯೊ ಕ್ಯಾಸೆಟ್‌ನ ಕಾಲದಲ್ಲಿ ನ್ಯಾಯಾಲಯಗಳು ಇದನ್ನು ಬೇರೆ ರೀತಿ ಕಂಡಿದ್ದವು. ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ, ಸೋನಿಯ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ, 5–4ರ ಬಹುಮತದಿಂದ ಹೇಳಿತು. 1998ರ ಹೊಸ ಕಾಯ್ದೆ ಅಲ್ಲಿನ ಲೆಕ್ಕವನ್ನೇ ಬದಲಿಸಿತು: ನಕಲು ಮಾಡುವ ಮಾತು ಹಾಗಿರಲಿ, ಬೀಗ ಮುರಿಯುವುದೇ ಅಪರಾಧವಾಯಿತು. ಮರುವರ್ಷ ನಾರ್ವೆಯ 15ರ ಹುಡುಗ ಜಾನ್ ಲೆಕ್ ಯೋಹಾನ್ಸನ್ ಇಬ್ಬರು ಜೊತೆಗಾರರೊಂದಿಗೆ ಡಿವಿಡಿಯ ಬೀಗ ಬಿಚ್ಚುವ ತಂತ್ರಾಂಶ ಹೊರತಂದ. ಲಿನಕ್ಸ್ ಕಂಪ್ಯೂಟರಿನಲ್ಲಿ ಡಿವಿಡಿ ನೋಡಲು ಬೇರೆ ದಾರಿಯಿರಲಿಲ್ಲ ಎಂಬುದು ಅವನ ವಾದ. ತಾನು ಕೊಂಡ ತಟ್ಟೆಯನ್ನು ತಾನು ತೆರೆದದ್ದು ಅಪರಾಧವಲ್ಲ ಎಂದು ನಾರ್ವೆಯ ನ್ಯಾಯಾಲಯ 2003ರ ಜನವರಿಯಲ್ಲಿ ಅವನನ್ನು ಬಿಡುಗಡೆ ಮಾಡಿತು. ವರ್ಷದ ಕೊನೆಗೆ ಮೇಲ್ಮನವಿಯಲ್ಲೂ ಅದೇ ತೀರ್ಪು.

ಆ ಡಿವಿಡಿಗಳಿಗೆ ಇನ್ನೊಂದು ಬೇಲಿಯೂ ಇತ್ತು. ಜಗತ್ತನ್ನು ವಲಯಗಳಾಗಿ ಹಂಚಿದ್ದರು: ಅಮೆರಿಕ 1, ಭಾರತ 5. ಒಂದು ವಲಯದ ತಟ್ಟೆ ಇನ್ನೊಂದರ ಪ್ಲೇಯರ್‌ನಲ್ಲಿ ಓಡದು. ಭಾರತೀಯ ಸಿನಿಮಾ ಡಿವಿಡಿ ತಯಾರಕರಲ್ಲಿ ಹಲವರು ಈ ಬೇಲಿ ಹಾಕಲಿಲ್ಲ. ಹೊರದೇಶದಲ್ಲಿರುವ ನಮ್ಮವರೇ ಅವರ ಗಿರಾಕಿಗಳು. ಊರಿಂದ ಬಂದ ಅಮ್ಮನ ಪೆಟ್ಟಿಗೆಯಲ್ಲಿ ಹಪ್ಪಳದ ಪೊಟ್ಟಣದ ಜೊತೆ ಬಂದ ರಾಜ್‌ಕುಮಾರ್ ಸಿನಿಮಾ ನ್ಯೂಜೆರ್ಸಿಯಲ್ಲೂ ಓಡುತ್ತಿತ್ತು. ಇವತ್ತು ಅದೇ ಕನ್ನಡಿಗರು ಊರಿಗೆ ಬಂದಾಗ ಆ್ಯಪ್‌ಗೆ ಇಳಿಸಿಕೊಂಡ ಚಿತ್ರ ಮರಳಿ ಹೋಗಿ ತೆರೆದರೆ ‘ಈ ದೇಶದಲ್ಲಿ ಲಭ್ಯವಿಲ್ಲ’ ಎನ್ನಬಹುದು.

ಬೀಗವನ್ನೆಲ್ಲ ಕಿತ್ತೊಗೆಯಿರಿ ಎಂಬ ವಾದ ಈ ಲೇಖನದ್ದಲ್ಲ. ತಿಂಗಳ ಚಂದಾ ಕಟ್ಟಿ ನೋಡುವುದು ಬಾಡಿಗೆ. ಬಾಡಿಗೆ ಮನೆಯ ಬೀಗದಕೈಯನ್ನು ಖಾಲಿ ಮಾಡುವಾಗ ಹಿಂತಿರುಗಿಸಬೇಕು, ಅದರಲ್ಲಿ ಅನ್ಯಾಯವೇನೂ ಇಲ್ಲ. ಚಂದಾದಾರರಿಂದ ಬರುವ ಹಣ ಚಿಕ್ಕ ಕನ್ನಡ ಸಿನಿಮಾ ತಂಡಕ್ಕೂ ತಲುಪಬೇಕು. ತಕರಾರಿರುವುದು ‘ಕೊಂಡುಕೊಳ್ಳಿ’ ಎಂಬ ಗುಂಡಿ ತೋರಿಸಿ, ಪೂರ್ತಿ ಬೆಲೆ ಪಡೆದು, ಬಾಡಿಗೆಯ ಷರತ್ತು ಹಾಕುವುದರ ಬಗ್ಗೆ. 2009ರ ಜುಲೈಯಲ್ಲಿ ಅಮೆರಿಕದ ಕಿಂಡಲ್ ಓದುಗರು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ರ ‘1984’ ಮತ್ತು ‘ಅನಿಮಲ್ ಫಾರ್ಮ್’ ಪುಸ್ತಕಗಳು ರಾತ್ರೋರಾತ್ರಿ ಮಾಯವಾದವು. ಮಾರಿದವರಿಗೆ ಹಕ್ಕಿರಲಿಲ್ಲವೆಂದು ಅಮೆಜಾನ್ ದೂರದಿಂದಲೇ ಅಳಿಸಿ, ಹಣ ಮರಳಿಸಿತ್ತು. ಶಾಲೆಯ ಓದಿಗಾಗಿ ಪುಟಪುಟಕ್ಕೂ ಟಿಪ್ಪಣಿ ಮಾಡಿಕೊಂಡಿದ್ದ ಮಿಷಿಗನ್‌ನ ವಿದ್ಯಾರ್ಥಿಯೊಬ್ಬನ ಶ್ರಮ ವ್ಯರ್ಥವಾಯಿತು. ಅವನು ದಾವೆ ಹೂಡಿದ, ಜೆಫ್ ಬೆಜೋಸ್ ಕ್ಷಮೆ ಕೇಳಿದರು. ಪುಸ್ತಕದ ಅಂಗಡಿಯವರು ನಡುರಾತ್ರಿ ನಮ್ಮ ಕಪಾಟು ತೆರೆದು ಪುಸ್ತಕ ತೆಗೆದುಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ಯಾರಾದರೂ ಸುಮ್ಮನಿರುತ್ತಾರೆಯೇ?

2023ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ ಗ್ರಾಹಕರು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳು ತಿಂಗಳ ಕೊನೆಗೆ ಅಳಿಯುತ್ತವೆ ಎಂಬ ಸೂಚನೆ ಬಂದು, ಪ್ರತಿಭಟನೆಯ ನಂತರ ಹಿಂದಕ್ಕೆ ಹೋಯಿತು. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೊಂದು ನೇರ ಉತ್ತರ ಕೊಟ್ಟಿದೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನಂತೆ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ನಮ್ಮ ಗ್ರಾಹಕ ಕಾನೂನಿಗೂ ಇಂಥ ಒಂದು ಸಾಲು ಬೇಕು. ಆ ಒಂದು ಸಾಲಿಗೆ ಖರ್ಚೇನೂ ಇಲ್ಲ.

ಭಾರತದ ಕೃತಿಸ್ವಾಮ್ಯ ಕಾಯ್ದೆಗೆ ಬೀಗದ ವಿಷಯ ಸೇರಿದ್ದು 2012ರ ತಿದ್ದುಪಡಿಯಲ್ಲಿ. ಅದರ 65ಎ ಕಲಂ ಪ್ರಕಾರ ಹಕ್ಕುಚ್ಯುತಿಯ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ‘ಉದ್ದೇಶದಿಂದ’ ಎಂಬ ಮಾತು ಇಲ್ಲಿ ದೊಡ್ಡದು. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆರೆಯುವವರಿಗೆ ನಮ್ಮ ಶಾಸನ ಅಮೆರಿಕದ್ದಕ್ಕಿಂತ ಉದಾರವಾಗಿದೆ. ಆ ಉದಾರತೆಯ ಬೆಲೆ ಎಲ್ಲರಿಗಿಂತ ಹೆಚ್ಚಾಗಿ ಗೊತ್ತಿರಬೇಕಾದವರು ಕಣ್ಣು ಕಾಣದ ಓದುಗರು.

2009ರಲ್ಲಿ ಎರಡನೇ ತಲೆಮಾರಿನ ಕಿಂಡಲ್ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳತೊಡಗಿದಾಗ ಅಮೆರಿಕದ ಲೇಖಕರ ಸಂಘ ಆಕ್ಷೇಪಿಸಿತು; ಓದುವ ದನಿಯನ್ನು ಬಂದ್ ಮಾಡುವ ಅಧಿಕಾರ ಪ್ರಕಾಶಕರಿಗೆ ಸಿಕ್ಕಿತು. ಏಪ್ರಿಲ್‌ನಲ್ಲಿ ಅಂಧರು ಬಿಳಿಕೋಲು ಹಿಡಿದು ನ್ಯೂಯಾರ್ಕಿನಲ್ಲಿ ಆ ಸಂಘದ ಕಚೇರಿಯ ಮುಂದೆ ನಿಂತರು. ಅಲ್ಲಿ ಇಂಥ ಬೀಗ ತೆರೆಯಲು ಸಿಗುವ ವಿನಾಯಿತಿಯ ಆಯುಸ್ಸು ಮೂರೇ ವರ್ಷ. ಪ್ರತಿ ಸಲ ಅದನ್ನು ಹೊಸದಾಗಿ ಪಡೆಯಬೇಕು. ಭಾರತದಲ್ಲಿ 2012ರ ತಿದ್ದುಪಡಿಯೇ ಅಂಗವಿಕಲರಿಗೆ ಓದಲು ಅನುಕೂಲವಾದ ಪ್ರತಿ ಮಾಡಿಕೊಳ್ಳುವ ಹಕ್ಕು ಕೊಟ್ಟಿದೆ. ಈ ಹಕ್ಕನ್ನು ಜಗತ್ತಿಗೆ ಹರಡಿದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶವೂ ನಮ್ಮದೇ.

ಫೋನಿಗೆ ಈಗ ಕನ್ನಡ ಓದಲು ಬರುತ್ತದೆ. ಪಠ್ಯ ತೆರೆದಿದ್ದರೆ ಪರದೆಯ ಮೇಲಿನ ಸಾಲನ್ನು ಅದು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. ನಕಲು ತಡೆಯಲೆಂದು ಪುಟವನ್ನು ಬರಿಯ ಚಿತ್ರವಾಗಿ ತೋರಿಸುವ ಆ್ಯಪ್‌ನಲ್ಲಿ ಮಾತ್ರ ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಆ ಓದುಗರಿಗೆ ಬೀಗ ತೆರೆದುಕೊಡಲು ಗೆಳೆಯರೊಬ್ಬರು ಮುಂದೆ ಬಂದರೆ ಕಾನೂನು ತಡೆಯುವುದಿಲ್ಲ. ಒಂದು ಕೆಲಸ ಮಾತ್ರ ಮಾಡಿ ಎನ್ನುತ್ತದೆ: ಯಾರಿಗಾಗಿ ತೆರೆದುಕೊಟ್ಟಿರೋ ಅವರ ಹೆಸರು, ವಿಳಾಸ, ಕಾರಣ ಎಲ್ಲವನ್ನೂ ದಾಖಲೆ ಮಾಡಿ ಇಟ್ಟುಕೊಂಡಿರಬೇಕು.